ತಪ್ಪಿಲ್ಲದ ಜರ್ಮನ್

ಅವಳ ಕೆಲಸ ಹಲ್ಲು ಮಾಡುವುದು. ದಂತವೈದ್ಯರ ಕ್ಲಿನಿಕ್ಕಿನ ಹಿಂಭಾಗದಲ್ಲಿ, ಒಂದೇ ಕಿಟಕಿಯ ಉದ್ದನೆಯ ಕೋಣೆಯಲ್ಲಿ ಕೂತು, ಯಾರದೋ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಹುಯ್ದು, ಮೇಣದಲ್ಲಿ ಆಕಾರ ತೀಡಿ, ಪಿಂಗಾಣಿಯನ್ನು ಕುಲುಮೆಯಲ್ಲಿ ಸುಟ್ಟು ಕ್ಯಾಪು, ಸೆಟ್ಟು ತಯಾರಿಸುತ್ತಿದ್ದಳು. ಹೊಸ ಹಲ್ಲಿನ ಬಣ್ಣ ಪಕ್ಕದ ಹಲ್ಲಿಗೆ ಹೊಂದುವವರೆಗೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಬೀದಿಯಲ್ಲಿ ಎಲ್ಲರ ಬಾಯಲ್ಲೂ ಅವಳು ಹಲ್ಲಿನಕ್ಕ.

ಗಂಡ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಮದುವೆಗೆ ಮುಂಚೆ ಮೆಟ್ಟಿಲ ಮೇಲೆ ಜಾರಿ ಅವರ ಮುಂದಿನ ಹಲ್ಲು ಮುರಿದಿತ್ತು. ಅದಕ್ಕೆ ಕ್ಯಾಪ್ ಮಾಡಿದವಳು ಇವಳೇ. "ಹಲ್ಲು ಕೊಟ್ಟವಳಿಗೆ ಇಡೀ ಬಾಯನ್ನೇ ಬರೆದುಕೊಟ್ಟೆ" ಎಂದು ಮೇಷ್ಟ್ರು ಬಂದವರ ಮುಂದೆಲ್ಲ ಹೇಳಿ ನಗಿಸುತ್ತಿದ್ದರು. ಒಳ್ಳೆಯ ಮನುಷ್ಯ ಅಂತಲೇ ಊರಲ್ಲಿ ಹೆಸರು. ಕುಡಿತವಿಲ್ಲ, ಕೂಗಾಟವಿಲ್ಲ, ಹೆಂಡತಿಯ ಸಂಬಳ ಎಷ್ಟು ಅಂತ ಒಂದು ದಿನವೂ ಕೇಳಿದವರಲ್ಲ. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಒಬ್ಬಳು ಮಗಳು, ಜೊತೆಗೆ ಮೇಷ್ಟ್ರ ತಾಯಿ. ಆ ಮುದುಕಿಗೆ ಬಾಯಲ್ಲಿ ಹಲ್ಲು ಕಡಿಮೆ, ಮಾತು ಜಾಸ್ತಿ.

ಹಲ್ಲಿನಕ್ಕ ಜರ್ಮನ್ ಕಲಿಯಲು ಶುರು ಮಾಡಿದ್ದು ತನ್ನ ಗೆಳತಿಯ ಮಾತು ಕೇಳಿ. ಲ್ಯಾಬಿನಲ್ಲಿ ಪಕ್ಕದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದ ಆ ಗೆಳತಿ ಜರ್ಮನಿಗೆ ಹೋಗಿ ಅಲ್ಲೊಂದು ಹಲ್ಲಿನ ಲ್ಯಾಬಿಗೆ ಸೇರಿದ್ದಳು. "ಇಲ್ಲಿ ಕೈಕೆಲಸ ಬಲ್ಲವರಿಗೆ ಬರ ಕಣೇ. ನೀನೂ ಬಾ, ಭಾಷೆ ಒಂದು ಕಲಿತುಬಿಡು" ಎಂದು ಫೋನಿನಲ್ಲಿ ಬೆನ್ನು ಹತ್ತಿದ್ದಳು. ಮೇಷ್ಟ್ರ ಕಾಲೇಜಿನಲ್ಲೇ ಸಂಜೆ ಹೊತ್ತು ಹೊರಗಿನವರಿಗೂ ಜರ್ಮನ್ ತರಗತಿ ನಡೆಯುತ್ತಿತ್ತು. ಹಲ್ಲಿನಕ್ಕ ಸೇರಿಕೊಂಡಳು. ಮೇಷ್ಟ್ರು "ಹೂಂ, ಕಲಿ ಕಲಿ. ಮೆದುಳಿಗೂ ಒಂದಿಷ್ಟು ವ್ಯಾಯಾಮ ಬೇಕು" ಅಂದರು. ಬೇರೆ ಹೆಂಗಸರು ಹೆಣಿಗೆ ಕಲಿತ ಹಾಗೆ ಇದೂ ಒಂದು ಅಂತ ಅವರು ತಿಳಿದಿದ್ದರು.

ಆ ತರಗತಿಯ ಮೊದಲ ಎರಡು ಹಂತಗಳ ಕಾಲ ಅವಳ ಬದುಕಿನಲ್ಲೇ ಬೇರೆ ಥರದ್ದು. ಭೂಗರ್ಭಶಾಸ್ತ್ರದ ಕೋಣೆಯಲ್ಲಿ ತರಗತಿ. ಸುತ್ತಲೂ ಗಾಜಿನ ಬೀರುಗಳಲ್ಲಿ ಚೀಟಿ ಅಂಟಿಸಿಕೊಂಡ ಕಲ್ಲುಗಳು. ಪಕ್ಕದಲ್ಲಿ ಕೂರುತ್ತಿದ್ದವಳು ಬೇಕರಿಯ ಕೌಂಟರಿನಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ. ಒಂದು ಕ್ಷಣ ಸುಮ್ಮನಿರದ ಅವಳನ್ನು ತರಗತಿಯೆಲ್ಲ ಗುಬ್ಬಚ್ಚಿ ಅನ್ನುತ್ತಿತ್ತು. ಗುಬ್ಬಚ್ಚಿಯ ಜರ್ಮನ್ನಿನಲ್ಲಿ ವ್ಯಾಕರಣ ಅನ್ನುವುದು ಹುಡುಕಿದರೂ ಸಿಗದು, ಆದರೆ ಮಾತು ಮಾತ್ರ ನಿಲ್ಲುತ್ತಿರಲಿಲ್ಲ. ಇಬ್ಬರೂ ಮುರುಕು ಭಾಷೆಯಲ್ಲಿ ಅತ್ತೆ, ಗಿರಾಕಿ, ಬಸ್ಸಿನ ಕಂಡಕ್ಟರು ಎಲ್ಲರ ಬಗ್ಗೆಯೂ ಹರಟಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಆ ಭಾಷೆಯಲ್ಲಿ ಹಲ್ಲು ಗಂಡು, ಕ್ಯಾಪು ಹೆಣ್ಣು, ಇಡೀ ಸೆಟ್ಟು ನಪುಂಸಕ. ಮನೆಗೆ ಬಂದು ಅತ್ತೆಗೆ ಇದನ್ನು ಹೇಳಿದಾಗ ಅವರು ಕೇಳಿದರು:

"ಮತ್ತೆ ಹುಡುಗಿ ಅನ್ನೋಕೆ?"

"ಅದೂ ನಪುಂಸಕವೇ, ಅತ್ತೆ."

"ಹಾಳಾಗಲಿ! ಹುಡುಗಿ ನಪುಂಸಕ, ಹಲ್ಲು ಗಂಡೋ! ಅದಕ್ಕೇ ನೋಡು ನನ್ನ ಬಾಯಿಂದ ಒಂದೊಂದಾಗಿ ಬಿಟ್ಟು ಹೋದವು."

ಎಲ್ಲ ಬದಲಾದದ್ದು ಗೆಳತಿ ಒಂದು ದಿನ ನಿಜವಾದ ಸುದ್ದಿ ಹೇಳಿದ ಮೇಲೆ. ಹಲ್ಲಿನಕ್ಕ ಮಾಡಿದ ಕೆಲಸದ ಫೋಟೋಗಳನ್ನು ಅವಳು ತನ್ನ ಯಜಮಾನರಿಗೆ ತೋರಿಸಿದ್ದಳು. ಅವರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿ, "ಇವರು ಮಧ್ಯಮ ಹಂತದ ಪರೀಕ್ಷೆ ಪಾಸು ಮಾಡಲಿ, ಕೆಲಸ ಇದೆ. ಮುಂದಿನ ಬೇಸಿಗೆ ಮುಗಿಯುವವರೆಗೆ ಕಾಯ್ತೀನಿ" ಅಂದರಂತೆ.

ಅಂದು ಊಟದ ಹೊತ್ತಿಗೆ ಹಲ್ಲಿನಕ್ಕ ಈ ಮಾತನ್ನು ಹೇಳಿದಳು. ಮೊದಲು ತಾನು ಹೋಗುವುದು, ನೆಲೆ ನಿಂತ ಮೇಲೆ ಉಳಿದವರೂ ಬರುವುದು, ಮಗಳಿಗೆ ಓದಿಗೆ ಒಳ್ಳೆಯದು. ಹೇಳುವಾಗ ಅವಳ ಮುಖ ಕೆಂಪಗಾಗಿತ್ತು. ಮಗಳು ಕುರ್ಚಿಯಿಂದ ಎದ್ದು ಕುಣಿದಳು. ಮೇಷ್ಟ್ರು ತಟ್ಟೆ ನೋಡುತ್ತಾ ನಿಧಾನವಾಗಿ ಅಗಿದರು. ಆಮೇಲೆ ನಕ್ಕರು.

"ಒಳ್ಳೇದೇ. ಆದರೆ ಮಧ್ಯಮ ಹಂತ ಅಂದ್ರೆ ಹುಡುಗಾಟ ಅಲ್ಲ. ಇಷ್ಟು ದಿನ ನೀನು ಆಡಿದ್ದು ಮಕ್ಕಳಾಟ. ಇರು, ನಾನೂ ಸೇರ್ತೀನಿ. ಜೊತೆಗೆ ಓದೋಣ."

"ನೀವಾ? ನಿಮಗೆ ಮೊದಲ ಹಂತವೇ ಆಗಿಲ್ವಲ್ರೀ."

"ರಜೆ ಇದೆಯಲ್ಲ, ನೋಡ್ತಾ ಇರು."

ಆ ಕಾಲೇಜು ರಜೆಯಲ್ಲಿ ಮೇಷ್ಟ್ರು ಅವಳ ಹಳೆಯ ಪುಸ್ತಕಗಳನ್ನೆಲ್ಲ ತೆಗೆದುಕೊಂಡು ಕೂತರು. ಲೆಕ್ಕದ ತಲೆ, ವ್ಯಾಕರಣದ ಕೋಷ್ಟಕಗಳನ್ನು ಮಗ್ಗಿಯ ಹಾಗೆ ನುಂಗಿದರು. ಅವಳು ವರ್ಷಗಟ್ಟಲೆ ಕಲಿತದ್ದನ್ನು ಒಂದೇ ರಜೆಯಲ್ಲಿ ಮುಗಿಸಿ, ಪ್ರವೇಶ ಪರೀಕ್ಷೆ ಬರೆದು, ಮಧ್ಯಮ ಹಂತದ ಮೊದಲ ದಿನ ಅವಳ ಜೊತೆಗೇ ಭೂಗರ್ಭಶಾಸ್ತ್ರದ ಕೋಣೆಗೆ ಬಂದರು. ಗುಬ್ಬಚ್ಚಿ ಎಂದಿನಂತೆ ಜಾಗ ಹಿಡಿದು ಕೂತಿದ್ದಳು. ಮೇಷ್ಟ್ರನ್ನು ಕಂಡು ಎದ್ದು ನಿಂತಳು.

"ನೀವು ಕೂತ್ಕೊಳ್ಳಿ ಸಾರ್" ಎಂದು ಚೀಲ ಎತ್ತಿಕೊಂಡು ಹಿಂದಿನ ಬೆಂಚಿಗೆ ಹೋದಳು. ಹಲ್ಲಿನಕ್ಕ ತಡೆಯಲಿಲ್ಲ. ತಡೆಯುವುದಕ್ಕೆ ಕಾರಣವಾದರೂ ಏನು ಹೇಳುವುದು? ಗಂಡ ಹೆಂಡತಿ ಪಕ್ಕಪಕ್ಕ ಕೂರುವುದು ತಪ್ಪೇ?

ಪಾಠ ಮಾಡುತ್ತಿದ್ದವರು ಜರ್ಮನ್ ಮೇಡಂ. ವರ್ಷದಿಂದ ವರ್ಷಕ್ಕೆ ಕಾಲೇಜು ಮುಂದುವರಿಸುತ್ತಿದ್ದ ತಾತ್ಕಾಲಿಕ ಉಪನ್ಯಾಸಕಿ. ಸಣ್ಣ ದನಿ, ದೊಡ್ಡ ತಾಳ್ಮೆ. ತಪ್ಪು ಮಾಡಿದವರನ್ನು ತಡೆಯದೆ ಕೊನೆಯವರೆಗೂ ಮಾತಾಡಲು ಬಿಟ್ಟು, ಆಮೇಲೆ ತಾವೇ ಆ ವಾಕ್ಯವನ್ನು ಸರಿಯಾಗಿ ಒಮ್ಮೆ ಹೇಳಿ ಮುಂದೆ ಹೋಗುತ್ತಿದ್ದರು. ಕೇಳಿಸಿಕೊಂಡವರು ಕಲಿಯುತ್ತಿದ್ದರು. 'ಯಾಕೆಂದರೆ' ಅನ್ನುವ 'ವೈಲ್' ಬಂದರೆ ಕ್ರಿಯಾಪದ ವಾಕ್ಯದ ಕೊನೆಗೆ ಹೋಗುತ್ತದೆ ಎಂದು ಮೇಡಂ ಹೇಳಿಕೊಟ್ಟ ದಿನ ಹಲ್ಲಿನಕ್ಕನಿಗೆ ಖುಷಿಯಾಗಿತ್ತು. "ನಮ್ಮ ಮಾತಿನ ಹಾಗೇ! ಕೊನೇ ತನಕ ಕೇಳಿದ್ರೇ ಗೊತ್ತಾಗೋದು" ಅಂದಿದ್ದಳು. ಮೇಡಂ ನಕ್ಕಿದ್ದರು.

ಮೇಷ್ಟ್ರು ಕೊನೆಯವರೆಗೆ ಕೇಳುವವರಲ್ಲ. ತಪ್ಪು ಕಂಡರೆ ಕರಿಹಲಗೆಯ ಮೇಲೆ ಗೀಟು ಎಳೆದ ಹಾಗೆ ಅಲ್ಲೇ ತಡೆಯುವುದು ಅವರ ಅಭ್ಯಾಸ. ಬಸ್ಸಿನಲ್ಲಿ ಅನ್ನಲು "ಮಿಟ್ ಡೆನ್ ಬುಸ್" ಎಂದು ಅವಳು ಬಾಯಿ ತೆರೆದರೆ, "ಡೆಮ್" ಅನ್ನುವರು. ಮೆಲ್ಲಗೆ, ಪ್ರೀತಿಯಿಂದಲೇ. ಅವಳು "ಮಿಟ್ ಡೆಮ್ ಬುಸ್" ಎಂದು ಮತ್ತೆ ಶುರು ಮಾಡುವಳು. ಅಷ್ಟರಲ್ಲಿ ಬಸ್ಸಿನಲ್ಲಿ ಎಲ್ಲಿಗೆ ಹೊರಟಿದ್ದೆ ಅನ್ನುವುದೇ ಮರೆತಿರುತ್ತಿತ್ತು.

ಮೊದಮೊದಲು ಅವಳಿಗೆ ಇದು ಉಪಕಾರ ಅಂತಲೇ ಅನ್ನಿಸಿತು. ಮನೆಯಲ್ಲೇ ಮೇಷ್ಟ್ರಿದ್ದಾರೆ, ಇನ್ನೇನು ಬೇಕು? ಊಟದ ಮೇಜಿನಲ್ಲಿ ಇನ್ನು ಜರ್ಮನ್ ಮಾತ್ರ ಅಂತ ಅವರು ನಿಯಮ ಮಾಡಿದಾಗಲೂ ಒಪ್ಪಿದಳು. ಉಪ್ಪು ಕೇಳಿದಳು. ಉಪ್ಪಿನ ಲಿಂಗ ತಪ್ಪಿತು. ತಿದ್ದಿದರು. ಸರಿಯಾಗಿ ಕೇಳಿದಳು. ಈಗ ಕ್ರಿಯಾಪದ ತಪ್ಪಿತು. ಉಪ್ಪಿನ ಡಬ್ಬಿ ಅವರ ಮೊಣಕೈ ಪಕ್ಕದಲ್ಲೇ ಇತ್ತು.

"ಮೊದಲು ಉಪ್ಪು ಕೊಡೋ, ಆಮೇಲೆ ಪಾಠ ಮಾಡುವಿಯಂತೆ" ಅತ್ತೆ ಗದರಿದರು. "ಊಟಕ್ಕೆ ಕೂತವಳನ್ನ ಬೆಂಚಿನ ಮೇಲೆ ನಿಲ್ಲಿಸಿದೀಯಲ್ಲ."

"ಅಮ್ಮಾ, ಇದು ಅವಳ ಒಳ್ಳೇದಕ್ಕೇ."

"ಒಳ್ಳೇದಕ್ಕೇ ಅಂತ ಹೇಳಿ ನಿಮ್ಮಪ್ಪ ನನ್ನನ್ನ ಸೈಕಲ್ ಕಲಿಸೋಕೆ ಕರ್ಕೊಂಡು ಹೋಗಿದ್ರು. ಇವತ್ತಿಗೂ ಸೈಕಲ್ ಕಂಡ್ರೆ ಮೊಣಕಾಲು ನೋಯುತ್ತೆ."

ಎಲ್ಲರೂ ನಕ್ಕರು. ಹಲ್ಲಿನಕ್ಕನೂ ನಕ್ಕಳು. ಆದರೆ ಒಂದು ದಿನ ಅಡುಗೆಮನೆಯಲ್ಲಿ ಅವಳು ತನ್ನಷ್ಟಕ್ಕೆ ಒಂದು ವಾಕ್ಯ ಹೇಳಿಕೊಳ್ಳುತ್ತಾ ತಟ್ಟೆ ಒರೆಸುತ್ತಿದ್ದಾಗ, ಹಿಂದಿನಿಂದ ಮಗಳ ದನಿ ಬಂತು: "ಅಮ್ಮಾ, ಅಲ್ಲಿ ಡೆಮ್ ಅಲ್ವಾ? ಅಪ್ಪ ಎಷ್ಟು ಸಲ ಹೇಳಿದ್ರು." ಹುಡುಗಿಗೆ ಭಾಷೆ ಬರುತ್ತಿರಲಿಲ್ಲ, ತಿದ್ದುವುದು ಮಾತ್ರ ಬಂದಿತ್ತು. ಹಲ್ಲಿನಕ್ಕ ತಟ್ಟೆಯನ್ನು ಕೆಳಗಿಟ್ಟಳು. ಆಮೇಲೆ ಅವಳು ಅಡುಗೆಮನೆಯಲ್ಲಿ ಬಾಯಿ ಬಿಟ್ಟು ಅಭ್ಯಾಸ ಮಾಡಲಿಲ್ಲ.

ತಲೆಯೊಳಗೆ ಮಾಡತೊಡಗಿದಳು. ಒಂದು ವಾಕ್ಯವನ್ನು ಒಳಗೇ ಕಟ್ಟಿ, ಮುಟ್ಟಿ ನೋಡಿ, ಬಿಚ್ಚಿ, ಮತ್ತೆ ಕಟ್ಟಿ, ಸರಿಯಿದೆ ಅನ್ನಿಸಿದ ಮೇಲೆ ಆಡಬೇಕು ಅನ್ನುವಷ್ಟರಲ್ಲಿ ತರಗತಿಯಲ್ಲಿ ಮಾತು ಬೇರೆ ಕಡೆ ಹೋಗಿರುತ್ತಿತ್ತು. ಮೇಷ್ಟ್ರು ಮಾತ್ರ ತರಗತಿಯ ಕಣ್ಮಣಿಯಾದರು. ಕಾಲೇಜಿನ ಹುಡುಗರು ಅವರ ಜೋಕಿಗೆ ನಗುತ್ತಿದ್ದರು, ಅವರ ಟಿಪ್ಪಣಿ ಎರವಲು ಕೇಳುತ್ತಿದ್ದರು. ಒಂದು ದಿನ ಲ್ಯಾಬಿನಲ್ಲಿ, ಪಕ್ಕದ ಮೇಜಿಗೆ ಹೊಸದಾಗಿ ಬಂದವಳಿಗೆ ಪ್ಲಾಸ್ಟರ್ ಚೀಲ ಈ ಕಡೆ ಕೊಡು ಅಂತ ಹೇಳಬೇಕಾಗಿತ್ತು. ಹುಟ್ಟಿದಾಗಿನಿಂದ ಆಡಿದ ಕನ್ನಡದಲ್ಲೇ ಹೇಳಬೇಕಾದ ಮಾತು. ಹಲ್ಲಿನಕ್ಕ ಆ ವಾಕ್ಯವನ್ನು ಮನಸ್ಸಿನಲ್ಲಿ ಎರಡು ಮೂರು ಸಲ ಹೇಳಿ ನೋಡಿಕೊಂಡಳು. ಹೇಳಿ ನೋಡಿಕೊಳ್ಳುತ್ತಿದ್ದೇನೆ ಅನ್ನುವುದು ಅವಳಿಗೇ ಗೊತ್ತಾಯಿತು. ಎದ್ದು ಹೋಗಿ ಚೀಲವನ್ನು ತಾನೇ ಎಳೆದು ತಂದಳು.

ಪರೀಕ್ಷೆ ಹತ್ತಿರ ಬಂತು. ಮಾತಿನ ಪರೀಕ್ಷೆಗೆ ಇಬ್ಬಿಬ್ಬರನ್ನು ಜೋಡಿ ಮಾಡಿ ಕೂರಿಸುತ್ತಾರೆ. ಒಂದು ವಿಷಯ ಕೊಟ್ಟು, ಇಬ್ಬರೂ ಸೇರಿ ಏನನ್ನಾದರೂ ಯೋಜಿಸಿ ಅನ್ನುತ್ತಾರೆ. ತರಗತಿ ಮುಗಿದ ಮೇಲೆ ಮೇಡಂ ಇವರ ಬೆಂಚಿನ ಹತ್ತಿರ ಬಂದರು.

"ನಿಮ್ಮಿಬ್ಬರನ್ನೂ ಬೇರೆ ಬೇರೆಯವರ ಜೊತೆ ಹಾಕ್ಲಾ ಅಂತ ಯೋಚನೆ ಮಾಡ್ತಿದೀನಿ" ಎಂದು ಹಲ್ಲಿನಕ್ಕನ ಮುಖವನ್ನೇ ನೋಡಿ ಕೇಳಿದರು. "ನೀವೇನಂತೀರಿ?"

ಹಲ್ಲಿನಕ್ಕ ಉತ್ತರವನ್ನು ಒಳಗೆ ಜೋಡಿಸಿಕೊಳ್ಳುತ್ತಿದ್ದಳು. ಮೇಷ್ಟ್ರು ಅಷ್ಟರಲ್ಲಿ ಹೇಳಿಬಿಟ್ಟರು:

"ಬೇರೆ ಯಾಕೆ ಮೇಡಂ? ಮನೇಲಿ ಒಟ್ಟಿಗೇ ಅಭ್ಯಾಸ ಮಾಡಿದೀವಿ. ಬೇರೆಯವರ ಜೊತೆ ಹಾಕಿದ್ರೆ ಇವಳು ಗಾಬರಿ ಬೀಳ್ತಾಳೆ. ನಾನಿದ್ರೆ ಧೈರ್ಯ."

ಮೇಡಂ ಇನ್ನೂ ಸ್ವಲ್ಪ ಹೊತ್ತು ಹಲ್ಲಿನಕ್ಕನನ್ನೇ ನೋಡುತ್ತಾ ನಿಂತಿದ್ದರು. ಆಮೇಲೆ "ಸರಿ" ಅಂದರು. ಕಾಯಂ ಮೇಷ್ಟ್ರ ಮುಂದೆ ತಾತ್ಕಾಲಿಕ ಮೇಡಂ ಎಷ್ಟು ಹೊತ್ತು ನಿಂತಾರು.

ಪರೀಕ್ಷೆಯ ದಿನ ಪ್ರಿನ್ಸಿಪಾಲರ ಪಕ್ಕದ ಕೋಣೆಯಲ್ಲಿ ಹೊರಗಿನಿಂದ ಬಂದ ಇಬ್ಬರು ಪರೀಕ್ಷಕರು ಕೂತಿದ್ದರು. ಒಬ್ಬರು ಬಿಳಿಗೂದಲಿನ ಜರ್ಮನ್ ಹೆಂಗಸು. ಕೈಯಲ್ಲಿ ಪೆನ್ಸಿಲ್ಲು, ಮುಖದಲ್ಲಿ ಯಾರನ್ನೂ ಹೆದರಿಸದ ನಗು. ವಿಷಯ: ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಬೇರೆ ಊರಿಗೆ ಹೋಗುತ್ತಿದ್ದಾರೆ, ಅವರಿಗೆ ಬೀಳ್ಕೊಡುಗೆ ಏರ್ಪಡಿಸಿ. ಹಲ್ಲಿನಕ್ಕನಿಗೆ ಇದು ನಿನ್ನೆ ಮೊನ್ನೆ ಆದ ಹಾಗೆ ನೆನಪಿತ್ತು. ಗೆಳತಿ ಹೊರಟಾಗ ಲ್ಯಾಬಿನಲ್ಲಿ ತಾನೇ ಎಲ್ಲ ಮಾಡಿದ್ದಳು. ಹೇಳಲು ಹೊಟ್ಟೆ ತುಂಬ ಮಾತಿತ್ತು. ಅವಳೇ ಶುರು ಮಾಡಿದಳು.

ಎರಡನೇ ವಾಕ್ಯದಲ್ಲಿ ಒಂದು ಅಕ್ಷರ ತಪ್ಪಿತು. ಪಕ್ಕದಿಂದ ಮೆಲ್ಲಗೆ ಬಂತು: "ಡೆಮ್."

ಅವಳು ತಿದ್ದಿಕೊಂಡಳು. ಮುಂದಿನ ವಾಕ್ಯದಲ್ಲಿ ಇನ್ನೊಂದು. ಅವರ ತುಟಿ ಮತ್ತೆ ಆಡಿತು. ಮೂರನೆಯದಕ್ಕೆ ಅವಳು ಅರ್ಧದಲ್ಲೇ ನಿಂತು ಅವರ ಮುಖ ನೋಡಿದಳು, ಸರಿಯೇ ಅನ್ನುವ ಹಾಗೆ. ಅವರು ಆ ವಾಕ್ಯವನ್ನು ಅವಳ ಪರವಾಗಿ ಮುಗಿಸಿದರು. ಚೆನ್ನಾಗಿಯೇ ಮುಗಿಸಿದರು. ನಂತರ ಅದಕ್ಕೆ ಉತ್ತರವನ್ನೂ ತಾವೇ ಕೊಟ್ಟರು. ಬಿಳಿಗೂದಲಿನ ಹೆಂಗಸು ಪೆನ್ಸಿಲ್ಲು ಎತ್ತಿ, "ದಯವಿಟ್ಟು ನಿಮ್ಮ ಜೊತೆಯವರು ಮಾತಾಡಲಿ" ಅಂದರು.

"ಖಂಡಿತ, ಖಂಡಿತ" ಎಂದು ಮೇಷ್ಟ್ರು ಜರ್ಮನ್ನಿನಲ್ಲೇ ಕ್ಷಮೆ ಕೇಳಿ, ಹೆಂಡತಿಯ ಕಡೆ ತಿರುಗಿ, ದಡ್ಡ ವಿದ್ಯಾರ್ಥಿಯನ್ನು ಹಲಗೆಯ ಹತ್ತಿರ ಕರೆದು ಬೆನ್ನು ತಟ್ಟುವ ದನಿಯಲ್ಲಿ ಒಂದು ಪ್ರಶ್ನೆ ಕೇಳಿದರು. ಉದ್ದನೆಯ, ನಾಲ್ಕು ಮಡಿಕೆಯ, ಒಂದು ತಪ್ಪೂ ಇಲ್ಲದ ಪ್ರಶ್ನೆ.

ಹಲ್ಲಿನಕ್ಕನಿಗೆ ಅದು ಅರ್ಥವಾಯಿತು. ಪೂರ್ತಿ ಅರ್ಥವಾಯಿತು. ಆದರೆ ಬಾಯಿಗೆ ಪ್ಲಾಸ್ಟರ್ ತುಂಬಿ ಅದು ಗಟ್ಟಿಯಾಗುತ್ತಿದ್ದ ಹಾಗೆ ನಾಲಿಗೆ ಅಲ್ಲಾಡಲಿಲ್ಲ. ಗಂಡನ ನಗು ಹಾಗೇ ನಿಂತಿತ್ತು, ಕಾಯುತ್ತಾ. ಬಿಳಿಗೂದಲಿನವರು ಮೃದುವಾಗಿ ಬೇರೆ ಏನೋ ಸುಲಭದ್ದು ಕೇಳಿದರು. ಅವಳು ತಲೆ ಅಲ್ಲಾಡಿಸಿದಳು. ಆಮೇಲಿನ ಭಾಗಗಳಲ್ಲೂ ಅವಳ ಬಾಯಿಂದ ಬಂದದ್ದು ಹೌದು, ಇಲ್ಲ, ಧನ್ಯವಾದ ಅಷ್ಟೇ.

ಹೊರಗೆ ಮೆಟ್ಟಿಲಿಳಿಯುವಾಗ ಮೇಷ್ಟ್ರು ಅವಳ ಭುಜದ ಮೇಲೆ ಕೈಯಿಟ್ಟರು. "ಯಾಕೆ ಹೆದರಿದೆ? ಗೊತ್ತಿದ್ದ ವಿಷಯವೇ ಅಲ್ವಾ?"

ಫಲಿತಾಂಶ ಬಂದಾಗ ಮೇಷ್ಟ್ರು ಇಡೀ ತರಗತಿಗೆ ಮೊದಲಿಗರು. ಹಲ್ಲಿನಕ್ಕ ಓದುವುದು, ಬರೆಯುವುದು, ಕೇಳುವುದು ಮೂರರಲ್ಲೂ ಪಾಸು, ಮಾತಿನಲ್ಲಿ ಫೇಲು. ಸ್ಟಾಫ್ ರೂಮಿನಲ್ಲಿ ಚಹಾ, ಕೇಕು ಆಯಿತು. "ಹೆಂಡತಿ ರೈಲಿಗೆ ಹೊರಟಿದ್ಲು, ಕಳಿಸೋಕೆ ಹೋದ ನಾನು ಹತ್ತಿಬಿಟ್ಟೆ, ಅವಳು ಪ್ಲಾಟ್‌ಫಾರಮ್ಮಲ್ಲೇ ಉಳಿದ್ಲು" ಎಂದು ಮೇಷ್ಟ್ರು ಹೇಳಿದ ಜೋಕು ಎರಡೇ ದಿನದಲ್ಲಿ ಬೀದಿಗೂ ಬಂತು. ಬೀದಿಯವರು ಹಲ್ಲಿನಕ್ಕನಿಗೇ ಅದನ್ನು ಹೇಳಿ ನಕ್ಕರು.

ಆದರೂ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಮಾತಿನ ಪರೀಕ್ಷೆಗಷ್ಟೇ ಮತ್ತೆ ಕೂರಬಹುದು. ಮುಂದಿನ ಸರದಿ ಬೇಸಿಗೆ ಮುಗಿಯುವ ಮುಂಚೆಯೇ ಇತ್ತು. ಗೆಳತಿ ಯಜಮಾನರನ್ನು ಕೇಳಿ, "ಕಾಯ್ತಾರಂತೆ, ಪಾಸು ಮಾಡ್ಕೋ ಸಾಕು. ಒಂದು ಸಲ ನಿನ್ನ ಜೊತೆ ಫೋನಲ್ಲಿ ಮಾತಾಡ್ಬೇಕಂತೆ" ಅಂದಳು.

"ಈ ಸಲ ನಾನೇ ಕೂತು ದಿನಾ ತಯಾರಿ ಮಾಡಿಸ್ತೀನಿ" ಎಂದರು ಮೇಷ್ಟ್ರು.

"ಬೇಡ ರೀ" ಅಂದಳು ಹಲ್ಲಿನಕ್ಕ. ಯೋಚಿಸದೆ, ಒಳಗೆ ಕಟ್ಟಿಕೊಳ್ಳದೆ, ನೇರವಾಗಿ ಬಂದ ಮಾತು. ಆ ಮನೆಯಲ್ಲಿ ಎಷ್ಟೋ ತಿಂಗಳ ಮೇಲೆ ಅವಳು ಹಾಗೆ ಆಡಿದ್ದು.

ಮೇಷ್ಟ್ರ ಮುಖ ಸಪ್ಪಗಾಯಿತು. "ಉಪಕಾರ ಮಾಡೋಕೆ ಹೋದವನೇ ಕೆಟ್ಟವನು" ಎಂದು ಗೊಣಗಿ ಕೋಣೆಗೆ ಹೋದರು. ಕೆಲವು ದಿನ ಮಾತು ಬಿಟ್ಟರು. ಎತ್ತು ಏರಿಗೆ, ಕೋಣ ನೀರಿಗೆ ಅಂತ ಅತ್ತೆ ಇಬ್ಬರ ನಡುವೆ ತಟ್ಟೆ ಲೋಟ ಸಾಗಿಸುತ್ತಾ ಗೊಣಗಿದರು.

ಹಲ್ಲಿನಕ್ಕ ಲ್ಯಾಬು ಮುಗಿಸಿ ಗುಬ್ಬಚ್ಚಿಯ ಬೇಕರಿಗೆ ಹೋಗತೊಡಗಿದಳು. ಗುಬ್ಬಚ್ಚಿ ಮೊದಲ ಸರದಿಯಲ್ಲಿ ಜ್ವರ ಬಂದು ತಪ್ಪಿಸಿಕೊಂಡಿದ್ದಳು. ಅವಳೂ ಈ ಸಲ ಬರೆಯಬೇಕು. ಬೇಕರಿಯ ಹಿಂಬಾಗಿಲಲ್ಲಿ, ಖಾಲಿ ಟ್ರೇಗಳ ಮೇಲೆ ಕೂತು ಇಬ್ಬರೂ ಮಾತಾಡುತ್ತಿದ್ದರು. ಮೊದಲ ಸಂಜೆ ಹಲ್ಲಿನಕ್ಕ ಪ್ರತಿ ವಾಕ್ಯದ ಕೊನೆಗೂ ನಿಂತು ಪಕ್ಕಕ್ಕೆ ತಿರುಗಿ ನೋಡುತ್ತಿದ್ದಳು.

"ಯಾರನ್ನ ನೋಡ್ತೀರಕ್ಕಾ?" ಗುಬ್ಬಚ್ಚಿ ಕೇಳಿದಳು. "ಇಲ್ಲಿ ನಾನೂ ಬ್ರೆಡ್ಡೂ ಬಿಟ್ರೆ ಯಾರೂ ಇಲ್ಲ. ನನಗಂತೂ ತಪ್ಪು ಯಾವುದು ಅಂತ್ಲೇ ಗೊತ್ತಾಗಲ್ಲ, ನೀವು ಹೇಳ್ತಾ ಹೋಗಿ."

ಹಲ್ಲಿನಕ್ಕ ಅಳುವಷ್ಟು ನಕ್ಕಳು. ದಿನ ಕಳೆದಂತೆ ನಾಲಿಗೆ ಸಡಿಲವಾಯಿತು. ಡೆನ್ನೋ ಡೆಮ್ಮೋ, ಬಸ್ಸು ಹೊರಟಿತು.

ಪರೀಕ್ಷೆಗೆ ಹದಿನೈದು ದಿನ ಇರಬೇಕು. ಬೇಕರಿಯಿಂದ ಅವಳು ಮನೆಗೆ ಬಂದಾಗ ಮೇಷ್ಟ್ರು ಹೊಸ್ತಿಲಲ್ಲೇ ಕಾಯುತ್ತಿದ್ದರು. ಮುನಿಸೆಲ್ಲ ಎಲ್ಲಿ ಹೋಯಿತೋ, ಮುಖ ಅರಳಿತ್ತು.

"ನಿನ್ನ ಜರ್ಮನಿಯ ಯಜಮಾನರು ಫೋನ್ ಮಾಡಿದ್ರು!"

ಅವಳ ಮೊಬೈಲು ಕೆಟ್ಟಿದ್ದರಿಂದ ಗೆಳತಿಗೆ ಮನೆಯ ನಂಬರನ್ನೇ ಕೊಟ್ಟಿದ್ದಳು. "ನಾನು ಬರೋ ಹೊತ್ತಿಗೆ ಮತ್ತೆ ಮಾಡಿ ಅಂತ ಹೇಳಿದ್ರಾ?"

"ಅದೇನು ಅಗತ್ಯ ಬೀಳಲಿಲ್ಲ. ನಾನೇ ಮಾತಾಡಿದೆ. ಅರ್ಧ ಗಂಟೆ! ಒಂದೇ ಒಂದು ತಪ್ಪಿಲ್ಲ ಕಣೇ. ಎಲ್ಲಿ ಕಲಿತ್ರಿ ಅಂತ ಕೇಳಿದ್ರು. ಜರ್ಮನಿಗೆ ಯಾವತ್ತೂ ಬಂದಿಲ್ಲ ಅಂದ್ರೆ ನಂಬಲೇ ಇಲ್ಲ." ಮೇಷ್ಟ್ರು ಮಗುವಿನ ಹಾಗೆ ನಗುತ್ತಿದ್ದರು. ಅವಳು ಮಾಡಿದ ಹಲ್ಲು ಉಳಿದ ಹಲ್ಲುಗಳ ನಡುವೆ ಬೇರೆ ಅಂತ ಗೊತ್ತೇ ಆಗುತ್ತಿರಲಿಲ್ಲ.

"ನನ್ನ ಬಗ್ಗೆ ಏನು ಕೇಳಿದ್ರು?"

"ಭಾಷೆ ಹೇಗಿದೆ ಅಂದ್ರು. ಇದ್ದದ್ದು ಇದ್ದ ಹಾಗೆ ಹೇಳಿದೆ. ಕೈಕೆಲಸದಲ್ಲಿ ಎತ್ತಿದ ಕೈ. ಮಾತಾಡೋದ್ರಲ್ಲಿ ಮಾತ್ರ ಬಹಳ ಹಿಂದೆ, ಒಂದು ಸಲ ಫೇಲೂ ಆಗಿದ್ದಾಳೆ, ಈ ಸಲವೂ ನಿಶ್ಚಯ ಇಲ್ಲ ಅಂದೆ. ಮುಂದೆ ಅಲ್ಲಿ ಹೋಗಿ ಒದ್ದಾಡೋದಕ್ಕಿಂತ ಮೊದಲೇ ಪ್ರಾಮಾಣಿಕವಾಗಿ ಹೇಳೋದು ಒಳ್ಳೇದಲ್ವಾ? ಅವರೂ ಮೆಚ್ಚಿಕೊಂಡ್ರು. ನೇರವಾಗಿ ಹೇಳಿದ್ದಕ್ಕೆ ಧನ್ಯವಾದ ಅಂದ್ರು."

ಹಲ್ಲಿನಕ್ಕ ಚಪ್ಪಲಿ ಬಿಡದೆ ಅಲ್ಲೇ ನಿಂತಿದ್ದಳು.

"ನಿಮಗೆ ನಾನು ಹೋಗೋದು ಬೇಡವಾಗಿತ್ತು" ಅಂದಳು.

"ಏನು ಮಾತು ಅಂತ ಆಡ್ತೀಯ! ನಾನು ಯಾವತ್ತಾದರೂ ಬೇಡ ಅಂದಿದೀನಾ? ಅಮ್ಮನ್ನ ಕೇಳು, ಮಗಳನ್ನ ಕೇಳು. ಒಂದು ಸಲ ಬೇಡ ಅಂದಿದ್ರೆ ಹೇಳು."

"ಅಂದಿಲ್ಲ. ಅಂದಿದ್ರೆ ಚೆನ್ನಾಗಿರ್ತಿತ್ತು. ಜಗಳ ಆಡ್ತಿದ್ದೆ, ಅತ್ತು ಕರೆದು ಹೋಗ್ತಿದ್ದೆ, ಇಲ್ಲಾ ಹಾಳಾಗ್ಲಿ ಅಂತ ಇಲ್ಲೇ ಇರ್ತಿದ್ದೆ. ನೀವು ಕೈ ಹಿಡಿದು ನಡೆಸ್ತೀನಿ ಅಂತ ಕಾಲು ಕಟ್ಟಿದ್ರಿ."

ಮೇಷ್ಟ್ರು ತಬ್ಬಿಬ್ಬಾದರು. ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ತಾಯಿಯ ಕಡೆ ತಿರುಗಿ, "ನೋಡಮ್ಮಾ, ರಜೆ ಎಲ್ಲ ಕೂತು ಓದಿದ್ದು ಯಾರಿಗೋಸ್ಕರ?" ಎಂದರು. ಯಾವಾಗಲೂ ಮಾತಿಗೆ ಮಾತು ಸಿದ್ಧವಾಗಿರುತ್ತಿದ್ದ ಮುದುಕಿ ಆ ಸಂಜೆ, "ಬಾಯಿ ಮುಚ್ಕೊಂಡು ಒಳಗೆ ಹೋಗೋ" ಅಂತ ಮಾತ್ರ ಹೇಳಿದರು.

ವಾರದೊಳಗೆ ಗೆಳತಿ ಫೋನ್ ಮಾಡಿದಳು. ಯಜಮಾನರು ಬೇರೆಯವರನ್ನು ತೆಗೆದುಕೊಂಡಿದ್ದರು. "ನಾನು ಎಷ್ಟೋ ಹೇಳಿದೆ ಕಣೇ. ಮನೆಯವರೇ ಹಾಗಂದ ಮೇಲೆ ನಾನೇನು ಮಾಡಲಿ ಅಂದ್ರು." ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಅತ್ತೆ ಗೋಡೆಗೆ ಮುಖ ಮಾಡಿ ಕೂತರು.

ಹಲ್ಲಿನಕ್ಕ ಆದರೂ ಪರೀಕ್ಷೆಗೆ ಹೋದಳು. ಹೋಗದಿದ್ದರೆ ಗುಬ್ಬಚ್ಚಿಗೆ ಜೋಡಿ ಇರುತ್ತಿರಲಿಲ್ಲ, ಅದೇ ಕಾರಣ. ಇಬ್ಬರೂ ಸೇರಿ ಆಸ್ಪತ್ರೆಯಲ್ಲಿರುವ ಗೆಳತಿಯನ್ನು ನೋಡಲು ಹೋಗುವ ಯೋಜನೆ ಹಾಕಿದರು. ಏನು ಒಯ್ಯುವುದು ಅನ್ನುವುದರ ಮೇಲೆ ಗುಬ್ಬಚ್ಚಿ ಅವಳ ಜೊತೆ ತಪ್ಪುತಪ್ಪಾದ ಜರ್ಮನ್ನಿನಲ್ಲಿ ಜಗಳವಾಡಿದಳು. ಹಲ್ಲಿನಕ್ಕನೂ ಬಿಡದೆ ಜಗಳವಾಡಿದಳು. ಪರೀಕ್ಷಕರಿಬ್ಬರೂ ನಗು ತಡೆದುಕೊಂಡು ಬರೆದುಕೊಂಡರು. ಇಬ್ಬರೂ ಪಾಸಾದರು.

ಮನೆಗೆ ಬಂದು ಹೇಳಿದಾಗ ಮೇಷ್ಟ್ರು ಸಂತೋಷಪಟ್ಟರು. ಸುಳ್ಳು ಸಂತೋಷವೇನಲ್ಲ. "ಎಷ್ಟು ಬಂತು?" ಅಂದರು. ಹೇಳಿದಳು. "ಪರವಾಗಿಲ್ಲ. ಎಲ್ಲೆಲ್ಲಿ ಹೋಯ್ತು ಅಂತ ಗೊತ್ತಾಯ್ತಾ?" ಅಂದರು.

"ಗೊತ್ತಾಯ್ತು" ಅಂದಳು ಅವಳು.

ಆ ವರ್ಷ ಕಾಲೇಜು ಜರ್ಮನ್ ಮೇಡಂ ಅವರನ್ನು ಮುಂದುವರಿಸಲಿಲ್ಲ. ಮೊದಲ ಹಂತಕ್ಕೆ ನಮ್ಮ ಮೇಷ್ಟ್ರೇ ಇದ್ದಾರಲ್ಲ, ಸರ್ಟಿಫಿಕೇಟೂ ಇದೆ, ಹೊರಗಿನವರೇಕೆ ಎಂದು ಪ್ರಿನ್ಸಿಪಾಲರು ಅಂದರಂತೆ. ಮೇಡಂ ಕಲ್ಲುಗಳ ಬೀರುವಿನಿಂದ ತಮ್ಮ ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಳ್ಳುತ್ತಿದ್ದಾಗ ಹಲ್ಲಿನಕ್ಕ ಹೋಗಿ ನಿಂತಳು. ಏನು ಹೇಳಬೇಕೋ ತಿಳಿಯದೆ ಒಂದು ಚೀಲ ಎತ್ತಿಕೊಂಡು ಬಸ್ ಸ್ಟಾಪಿನವರೆಗೆ ಜೊತೆಗೆ ನಡೆದಳು.

"ಆ ದಿನ ನಿಮ್ಮ ಉತ್ತರ ಬರೋ ತನಕ ನಾನು ಕಾಯ್ಬೇಕಿತ್ತು" ಅಂದರು ಮೇಡಂ.

"ನಾನು ಬೇಗ ಹೇಳ್ಬೇಕಿತ್ತು, ಮೇಡಂ" ಅಂದಳು ಹಲ್ಲಿನಕ್ಕ. ಬಸ್ಸು ಬಂತು.

ಮೇಷ್ಟ್ರು ಸಂಜೆ ತರಗತಿ ಶುರು ಮಾಡಿದರು. "ನೀನೂ ಬಂದು ಹಿಂದೆ ಕೂತ್ಕೋ, ಮಾತು ಮರೆಯಲ್ಲ" ಎಂದು ಕರೆದರು. ಅವಳು ಹೋಗಲಿಲ್ಲ. ಬೇರೆ ಬೇರೆ ಲ್ಯಾಬುಗಳಿಗೆ ಬರೆದು ನೋಡಿದಳು. ಕೆಲವರು ಉತ್ತರಿಸಲಿಲ್ಲ, ಒಬ್ಬರು ಇನ್ನೂ ಚಿಕ್ಕ ವಯಸ್ಸಿನವರು ಬೇಕು ಅಂದರು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಹಲ್ಲು ಮಾಡುವವಳ ಪಾಲಿಗೂ ಗಾದೆ ಗಾದೆಯೇ.

ಚಳಿಗಾಲದಲ್ಲಿ ಗೆಳತಿ ಮತ್ತೊಮ್ಮೆ ಫೋನ್ ಮಾಡಿದಳು. ಮಾತಿನ ನಡುವೆ ಹೊಸದಾಗಿ ಸೇರಿದವಳ ಸುದ್ದಿ ಬಂತು. "ಹೇಗೋ ದಡ ಸೇರಿದ ಪಾಸು ಅಷ್ಟೆ. ಅವಳ ಜರ್ಮನ್ ಕೇಳಬೇಕು ನೀನು, ನಕ್ಕು ನಕ್ಕು ಸಾಯ್ತೀಯ. ನಿನ್ನ ಅರ್ಧ ಇಲ್ಲ. ಆದ್ರೆ ನಾಚಿಕೆ ಇಲ್ಲದೆ ಮಾತಾಡ್ತಾಳೆ. ಯಜಮಾನರು ಏನಂತಾರೆ ಗೊತ್ತಾ? ಮಾತು ಇಲ್ಲಿಗೆ ಬಂದ ಮೇಲೂ ಬರುತ್ತೆ ಅಂತ." ಆಮೇಲೆ ತಾನು ಹೇಳಬಾರದ್ದು ಹೇಳಿದೆ ಅಂತ ಹೊಳೆದು ಗೆಳತಿ ಬೇಗ ಬೇಗ ಬೇರೆ ಮಾತು ತೆಗೆದಳು.

ಊಟಕ್ಕೆ ಕೂತಾಗ ಮೇಷ್ಟ್ರು ಕೇಳಿದರು, ಯಾರ ಫೋನು ಅಂತ. ಹಲ್ಲಿನಕ್ಕ ಮುಚ್ಚುಮರೆ ಮಾಡಲಿಲ್ಲ. ಗೆಳತಿ ಹೇಳಿದ್ದನ್ನೆಲ್ಲ ಇದ್ದ ಹಾಗೇ ಹೇಳಿದಳು. ಮಗಳು ತಲೆ ಎತ್ತಿ ಅಪ್ಪನನ್ನು ನೋಡಿದಳು. ಅತ್ತೆ ಅಗಿಯುವುದನ್ನು ನಿಲ್ಲಿಸಿದರು.

ಮೇಷ್ಟ್ರು ಗಮನವಿಟ್ಟು ಕೇಳಿ, ತಲೆದೂಗಿ, ಅನುಕಂಪದಿಂದ ಹೇಳಿದರು:

"ನೋಡಿದೆಯಾ? ನಾನು ಮೊದಲಿಂದ ಬಡ್ಕೊಂಡಿದ್ದೂ ಅದೇ. ತಪ್ಪಾಗುತ್ತೆ ಅಂತ ಹೆದರಬಾರದು. ಹೆದರದೆ ಮಾತಾಡಿದ್ರೆ ಇವತ್ತು ನೀನಿರ್ತಿದ್ದೆ ಅಲ್ಲಿ."

ಹಲ್ಲಿನಕ್ಕ ಅವರ ಮುಖ ನೋಡಿದಳು. ಅಲ್ಲಿ ಕಪಟವಿರಲಿಲ್ಲ, ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಅವಳಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಅರ್ಧ ಉಂಡ ತಟ್ಟೆ ಎತ್ತಿಕೊಂಡು ಎದ್ದಳು.

ಮರುದಿನ ದಂತವೈದ್ಯರಿಗೆ ಹೇಳಿ ಸಂಜೆಯ ಪಾಳಿಯನ್ನೂ ಒಪ್ಪಿಕೊಂಡಳು. ಅವಳು ಮನೆ ಸೇರುವ ಹೊತ್ತಿಗೆ ಉಳಿದವರ ಊಟ ಆಗಿರುತ್ತಿತ್ತು. ಅತ್ತೆ ಮಾತ್ರ ಮಲಗದೆ, ಅವಳು ಉಣ್ಣುವವರೆಗೂ ಎದುರು ಕುರ್ಚಿಯಲ್ಲಿ ಕೂತಿರುತ್ತಿದ್ದರು.